ಪುಟ ಬಂತು, ಕನ್ನಡ ಅಕ್ಷರ ಬರಲಿಲ್ಲ: ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಾರಣ ಹುಡುಕೋದು ಹೇಗೆ?

[ಸ್ಕ್ರೀನ್: ಮೊಬೈಲ್‌ನಲ್ಲಿ ಒಂದು ಪುಟ. ಚಿತ್ರ ಬಂದಿದೆ, ಬರಹದ ಜಾಗ ಖಾಲಿ]

ಚಿತ್ರ ಬಂತು, ಬಣ್ಣ ಬಂತು, ಓದಬೇಕಾದ ಅಕ್ಷರ ಮಾತ್ರ ಇನ್ನೂ ಇಲ್ಲ. ನೆಟ್ ಸ್ಲೋ ಅಂದ್ಕೊಂಡು ಬಿಟ್ಟುಬಿಡಬೇಡಿ. ಪುಟ ಯಾವ ಫೈಲ್‌ಗೆ ಕಾಯ್ತಿದೆ ಅಂತ ಬ್ರೌಸರೇ ತೋರಿಸುತ್ತೆ.

ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಇ. ಪಟ್ಟಿ ಖಾಲಿ ಇರುತ್ತೆ, ಗಾಬರಿ ಬೇಡ; ಟ್ಯಾಬ್ ತೆರೆದ ಮೇಲೆ ಬಂದ ಫೈಲ್‌ಗಳಷ್ಟೇ ಇಲ್ಲಿ ದಾಖಲಾಗೋದು.

ರೀಲೋಡ್ ಮಾಡೋ ಮೊದಲು ‘ಡಿಸೇಬಲ್ ಕ್ಯಾಶ್’ ಟಿಕ್ ಮಾಡಿ. ಇಲ್ಲಾಂದ್ರೆ ಸೈಜ್ ಕಾಲಮ್‌ನಲ್ಲಿ ‘ಡಿಸ್ಕ್ ಕ್ಯಾಶ್’ ಅಂತ ಬರುತ್ತೆ, ಅಂದ್ರೆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇತ್ತು. ಮೊದಲ ಸಲ ಬರೋ ಓದುಗರಿಗೆ ಆ ಅನುಕೂಲ ಇಲ್ಲ. ನೆಟ್ ಬೇಕಂತಲೇ ನಿಧಾನ ಮಾಡೋಕೆ ಪಕ್ಕದ ‘ನೋ ಥ್ರಾಟ್ಲಿಂಗ್’ ಮೆನುವಿನಲ್ಲಿ 3ಜಿ ಆರಿಸಿ. ಆಫೀಸ್ ಫೈಬರ್‌ನಲ್ಲಿ ಈ ತೊಂದರೆ ಕಣ್ಣಿಗೇ ಬೀಳಲ್ಲ. ಈಗ ರೀಲೋಡ್ ಮಾಡಿ, ‘ಫಾಂಟ್’ ಫಿಲ್ಟರ್ ಒತ್ತಿ; ಅಕ್ಷರಗಳ ಆಕಾರ ಇರೋ ಫೈಲೇ ಫಾಂಟ್.

[ಸ್ಕ್ರೀನ್: ‘ಫಾಂಟ್’ ಫಿಲ್ಟರ್ ಒತ್ತಿದಾಗ ಒಂದೇ ಹೆಸರಿನ ಎರಡು ಸಾಲು]

ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲು ಬರೋದು ಪುಟದ ಬರಹ ಇರೋ ಎಚ್‌ಟಿಎಂಎಲ್, ಆಮೇಲೆ ಪುಟದ ಅಂದಚಂದ ಹೇಳೋ ಸಿಎಸ್‌ಎಸ್, ಅದನ್ನ ಓದಿದ ಮೇಲಷ್ಟೇ ಫಾಂಟ್ ಬೇಕು ಅಂತ ಬ್ರೌಸರ್‌ಗೆ ಗೊತ್ತಾಗೋದು. ಅದಕ್ಕೇ ಯಾವ ಫೈಲ್ ಯಾವಾಗ ಬಂತು ಅಂತ ತೋರಿಸೋ ವಾಟರ್‌ಫಾಲ್ ಕಾಲಮ್‌ನಲ್ಲಿ ಫಾಂಟ್‌ನ ಗೆರೆ ಅಷ್ಟು ತಡವಾಗಿ ಶುರುವಾಗುತ್ತೆ. ಬೇಗ ತರಿಸೋಕೆ ಎಚ್‌ಟಿಎಂಎಲ್‌ನಲ್ಲೇ ‘ಇದನ್ನ ಮೊದಲೇ ತಾ’ ಅಂತ ಹೇಳೋ ಪ್ರಿಲೋಡ್ ಟ್ಯಾಗ್ ಹಾಕ್ತಾರೆ. ಹಾಕಿದ ಮೇಲೆ ಅದೇ ಫಾಂಟ್ ಎರಡು ಸಲ ಇಳಿದಿದ್ರೆ? ಇನಿಶಿಯೇಟರ್ ಕಾಲಮ್ ನೋಡಿ: ಒಂದನ್ನ ಕರೆದದ್ದು ಎಚ್‌ಟಿಎಂಎಲ್, ಇನ್ನೊಂದನ್ನ ಸಿಎಸ್‌ಎಸ್. ಅಂದ್ರೆ ಪ್ರಿಲೋಡ್ ಟ್ಯಾಗ್‌ನಲ್ಲಿ ‘ಕ್ರಾಸ್‌ಆರಿಜಿನ್’ ಅನ್ನೋ ಪದ ಬಿಟ್ಟುಹೋಗಿದೆ. ಫಾಂಟ್ ನಿಮ್ಮದೇ ಸರ್ವರ್‌ನಲ್ಲಿದ್ರೂ ಅದು ಬೇಕೇ ಬೇಕು. ಇಲ್ಲದಿದ್ರೆ ಮೊದಲು ಇಳಿದದ್ದು ಕೆಲಸಕ್ಕೆ ಬರಲ್ಲ, ಓದುಗರ ಡೇಟಾ ಸುಮ್ಮನೆ ಖರ್ಚು. ಸೇರಿಸಿ ರೀಲೋಡ್ ಮಾಡಿ, ಒಂದೇ ಸಾಲು ಉಳಿಯುತ್ತೆ.

ಈಗ ಆ ಸಾಲನ್ನ ಕ್ಲಿಕ್ ಮಾಡಿ, ‘ಟೈಮಿಂಗ್’ ತೆರೆಯಿರಿ. ‘ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್’ ಉದ್ದ ಇದ್ರೆ ಸರ್ವರ್ ಉತ್ತರ ಕೊಡೋದೇ ತಡ. ‘ಕಂಟೆಂಟ್ ಡೌನ್‌ಲೋಡ್’ ಉದ್ದ ಇದ್ರೆ ಫೈಲ್ ದಪ್ಪ. ಒತ್ತಕ್ಷರ, ಗುಣಿತಾಕ್ಷರಗಳ ಆಕಾರಗಳೆಲ್ಲ ಸೇರಿ ಕನ್ನಡ ಫಾಂಟ್ ಹೇಗೂ ಭಾರ. ಟಿಟಿಎಫ್ ಫಾಂಟ್ ಫೈಲ್ ಬದಲು, ವೆಬ್‌ಗಾಗಿ ಒತ್ತಿ ಚಿಕ್ಕದು ಮಾಡಿದ ವಾಫ್2 ಕೊಡಿ. ಫಾಂಟ್ ಕತ್ತರಿಸಿ ಚಿಕ್ಕದು ಮಾಡೋರು ಒಂದು ಗಮನಿಸಿ: ಅಕ್ಷರಗಳನ್ನ ಹೇಗೆ ಕೂಡಿಸಬೇಕು ಅಂತ ಫಾಂಟ್‌ನೊಳಗೆ ಹೇಳೋ ಜಿಸಬ್ (GSUB) ಟೇಬಲ್ ಬಿದ್ದುಹೋದ್ರೆ ಒತ್ತಕ್ಷರಗಳೆಲ್ಲ ಒಡೆದುಹೋಗುತ್ತವೆ.

ಫಾಂಟ್ ಬರೋವರೆಗೆ ಜಾಗ ಖಾಲಿ ಬಿಡಬೇಕಾಗೂ ಇಲ್ಲ. ಏನೂ ಹೇಳದಿದ್ರೆ ಕ್ರೋಮ್ 3 ಸೆಕೆಂಡ್‌ವರೆಗೆ ಅಕ್ಷರ ಮರೆಮಾಡುತ್ತೆ. ಸಿಎಸ್‌ಎಸ್‌ನಲ್ಲಿ ‘ಫಾಂಟ್-ಡಿಸ್‌ಪ್ಲೇ: ಸ್ವಾಪ್’ ಬರೆದ್ರೆ ಫೋನ್‌ನಲ್ಲಿರೋ ಕನ್ನಡ ಫಾಂಟ್‌ನಲ್ಲೇ ಓದು ಶುರು, ನಿಮ್ಮದು ಬಂದಾಗ ಬದಲಾಗುತ್ತೆ.

[ಸ್ಕ್ರೀನ್: ಎಕ್ಸ್‌ಪೋರ್ಟ್ ಬಟನ್]

ಸೈಟ್ ನಿಮ್ಮದಲ್ವಾ? ನೆಟ್‌ವರ್ಕ್ ಟ್ಯಾಬ್‌ನ ಈ ಇಡೀ ದಾಖಲೆಯನ್ನ ಎಕ್ಸ್‌ಪೋರ್ಟ್ ಬಟನ್ ಒತ್ತಿ ಎಚ್‌ಎಆರ್ (HAR) ಫೈಲ್ ಆಗಿ ಉಳಿಸಿ, ಸೈಟ್ ನೋಡಿಕೊಳ್ಳೋರಿಗೆ ಕಳಿಸಿ. ಅದರಲ್ಲಿ ಲಾಗಿನ್ ಕುಕೀಗಳೂ ಸೇರಿಹೋಗಬಹುದು, ಹಾಗಾಗಿ ಲಾಗಿನ್ ಆಗದೆ ಇನ್‌ಕಾಗ್ನಿಟೋ ವಿಂಡೋದಲ್ಲೇ ದಾಖಲಿಸಿ.