ಖಾಲಿ ಗೂಟ

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಹುಡುಗರು ಫೋನ್ ಮಾಡಿ, 'ಸರ್, ಅಮೆರಿಕದ ಬಂದೂಕಿನ ಹಾವಳಿ ಬಗ್ಗೆ ಮಾತಾಡಬೇಕು' ಅಂದರು. ಚಿಂತಾಮಣಿಯಲ್ಲಿ ನಿಂತು ಅಮೆರಿಕಕ್ಕೆ ಬುದ್ಧಿ ಹೇಳುವುದು ಬಲು ಸುಲಭ. ಅಲ್ಲಿಯವರು ಯಾರೂ ಎದ್ದು ಜಗಳಕ್ಕೆ ಬರುವುದಿಲ್ಲ. ಆದರೂ ಒಪ್ಪಿಕೊಂಡೆ. ಕಾರಣ ನನ್ನ ಮೊಮ್ಮಗಳು.

ಅಲ್ಲಿ ಅವಳು ಒಂದನೇ ಕ್ಲಾಸು. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ 'ತಾತಾ, ಅಲ್ಲಾಡದೆ ಕೂರೋದರಲ್ಲಿ ನಾನೇ ಫಸ್ಟ್' ಅಂದಳು. ಸ್ಕೂಲಲ್ಲಿ ಧ್ಯಾನ ಕಲಿಸುತ್ತಾರೇನೋ ಅಂದುಕೊಂಡೆ. ಅಲ್ಲ. ಬಂದೂಕು ಹಿಡಿದವನು ನುಗ್ಗಿದರೆ ಲೈಟ್ ಆರಿಸಿ, ಮೂಲೆಯಲ್ಲಿ ಒತ್ತೊತ್ತಾಗಿ ಕೂರುವ ತಾಲೀಮು ಅದು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತರು. 2022ರಲ್ಲಿ ಯುವಾಲ್ಡಿಯಲ್ಲಿ 19. ಈಗ ನಮ್ಮ ಹುಡುಗಿ ಅಲ್ಲಾಡದೆ ಕೂರುತ್ತಾಳೆ.

'ಬಂದೂಕು ಕೊಲ್ಲಲ್ಲ, ಮನುಷ್ಯ ಕೊಲ್ಲುತ್ತಾನೆ' ಅಂತ ಅಲ್ಲಿ ಒಂದು ದೊಡ್ಡ ಗುಂಪು ವಾದ ಮಾಡುತ್ತದೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಆಮೇಲೆ ಬರುತ್ತೇನೆ. ಮೊದಲು ನಮ್ಮ ಚಿಕ್ಕಪ್ಪನ ಕಥೆ.

ನಮ್ಮ ಮನೆಯಲ್ಲಿ ಮದ್ದು ತುಂಬುವ ನಾಡಕೋವಿ ಇತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತವೆ ಅಂತ ತಾತ ಲೈಸೆನ್ಸ್ ಮಾಡಿಸಿದ್ದು. ಅದರಿಂದ ಒಂದು ಹಂದಿ ಸತ್ತದ್ದನ್ನೂ ನಾನು ಕಾಣೆ. ಶಬ್ದಕ್ಕೆ ಬೆದರಿ ನಮ್ಮ ಎಮ್ಮೆ ಮಾತ್ರ ಎರಡು ದಿನ ಹಾಲು ಕೊಡಲಿಲ್ಲ. ಕೋವಿ ನಡುಮನೆಯ ಗೂಟಕ್ಕೆ ತೂಗುತ್ತಿತ್ತು. ಪಕ್ಕದ ಹೊಲದವರು ಬದು ಒತ್ತಿದರು. ಎಷ್ಟು? ಒಂದು ಮೊಳ. ಅಷ್ಟಕ್ಕೆ ಮೂರು ವರ್ಷ ಎರಡು ಮನೆಗೂ ಮಾತಿಲ್ಲ. ಒಂದು ದಿನ ಅವರು ಬದುವಿನ ಹೊಂಗೆ ಮರ ಕಡಿದರು. ಚಿಕ್ಕಪ್ಪ ಹೊಲದಿಂದ ಓಡಿ ಬಂದು ಗೂಟಕ್ಕೆ ಕೈ ಹಾಕಿದರು. ಖಾಲಿ! ಎಲೆಕ್ಷನ್ ಅಂತ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಹದಿನೈದು ದಿನ ಆಗಿತ್ತು. ಮಚ್ಚು ಹುಡುಕಿದರು. ಅದನ್ನು ಮೂಲೆಮನೆ ಅಜ್ಜಿ ಸೌದೆ ಸೀಳುವುದಕ್ಕೆ ಒಯ್ದಿದ್ದಳು. ಅಲ್ಲಿಗೂ ಓಡಿದರು. ಅಜ್ಜಿ ಇವರ ಮುಖ ನೋಡಿದವಳೇ ಮಚ್ಚನ್ನು ಚಾಪೆ ಕೆಳಗೆ ತಳ್ಳಿ, ಮೇಲೆ ತಾನೇ ಕೂತು, 'ಕೂರ್ಚೋ ನಾಯನಾ, ಮಜ್ಜಿಗ ತಾಗಿ ಪೋ' ಅಂದಳು. ಈ ಸಭೆಗೆ ತೆಲುಗಿನ ಅನುವಾದ ಬೇಡ, ಅಲ್ವಾ?

ಎರಡು ಲೋಟ ಮಜ್ಜಿಗೆ ಕುಡಿದರು. ಲೋಟ ಹಿಡಿದ ಕೈ ನಡುಗುತ್ತಿತ್ತಂತೆ. ಆಮೇಲೆ ಕೇಸು ಹಾಕಿದರು. ಇಬ್ಬರೂ ಸೇರಿ ವಕೀಲರಿಗೆ ಮನೆ ಕಟ್ಟಿಸಿಕೊಟ್ಟರು. ಇಬ್ಬರೂ ಎಪ್ಪತ್ತು ದಾಟಿದರು.

ಸಿಟ್ಟಿನಿಂದ ಗೂಟಕ್ಕೆ ಎಷ್ಟು ಹೆಜ್ಜೆ? ನನ್ನ ಪ್ರಶ್ನೆ ಇಷ್ಟೇ. 1791ರಲ್ಲಿ ಅಮೆರಿಕದವರು ಬಂದೂಕಿನ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದಾಗ ಅವರದ್ದೂ ನಮ್ಮ ತಾತನ ಕೋವಿಯಂಥದ್ದೇ. ಮದ್ದು ಸುರಿಯಬೇಕು, ಗಜ ಹಾಕಿ ಕುಟ್ಟಬೇಕು. ಅಷ್ಟರಲ್ಲಿ ಯಾರಾದರೂ ಮಜ್ಜಿಗೆ ತರಬಹುದು. ಈಗ ಬೆರಳು ಆಡಿಸಿದರೆ ಸಾಕು. ಜನಕ್ಕಿಂತ ಬಂದೂಕೇ ಜಾಸ್ತಿ ಇರುವ ದೇಶ ಅದು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ತೆಗೆದುಕೊಂಡಿತು. ಆಸ್ಟ್ರೇಲಿಯಾದವರಿಗೆ ಆಮೇಲೆ ಸಿಟ್ಟು ಬರಲಿಲ್ಲವೇ? ಬಂತು. ಗೂಟ ದೂರ ಆಗಿತ್ತು.

ಒಂದು ಚೀಟಿ ಬಂದಿದೆ. 'ಹಾಗಾದರೆ ಕಂಬಾಲಪಲ್ಲಿ?' ಈ ತಾಲ್ಲೂಕಿನಲ್ಲಿ ಇದನ್ನು ಯಾರೂ ಕೇಳದಿದ್ದರೆ ನನಗೇ ಬೇಜಾರಾಗುತ್ತಿತ್ತು. 2000ದ ಮಾರ್ಚ್ 11. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಬೆಂಕಿಪೊಟ್ಟಣಕ್ಕೆ ಯಾವ ಲೈಸೆನ್ಸೂ ಬೇಡ. 2006ರಲ್ಲಿ ಆರೋಪಿಗಳು ಖುಲಾಸೆ ಆದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನನ್ನ ಹೆಜ್ಜೆ ಲೆಕ್ಕ ಇಲ್ಲಿ ನಿಂತುಬಿಡುತ್ತದೆ. ಚಿಕ್ಕಪ್ಪನ ಸಿಟ್ಟು ಒಂದು ಗಳಿಗೆಯದು. ಜಾತಿಯ ಸಿಟ್ಟು ಗುಂಪು ಕಟ್ಟಿಕೊಂಡು, ಯೋಚನೆ ಮಾಡಿಕೊಂಡು ಬರುತ್ತದೆ. ಆಯುಧ ಸಿಗದಿದ್ದರೆ ಹುಡುಕುತ್ತದೆ. 'ಮನುಷ್ಯ ಕೊಲ್ಲುತ್ತಾನೆ' ಅನ್ನುವವರು ಇಲ್ಲಿಗೆ ಬಂದು, ಆ ಮನುಷ್ಯನನ್ನು ಏನು ಮಾಡೋಣ ಅಂತಲೂ ಹೇಳಬೇಕು. ಅಷ್ಟು ದೂರ ಅವರು ಬರುವುದಿಲ್ಲ.

ಅಧ್ಯಕ್ಷರು ವಾಚ್ ನೋಡುತ್ತಿದ್ದಾರೆ. ಕುಡಿತ, ಕೆಲಸ ಇಲ್ಲದ ಹುಡುಗರು, ಲಾಂಗು ಹಿಡಿದು ರೀಲ್ಸ್ ಮಾಡುವುದು, ಇವೆಲ್ಲ ಬರೆದುಕೊಂಡು ಬಂದಿದ್ದೆ. ಬಿಡಿ. ಒಂದನ್ನು ಮಾತ್ರ ಬಿಡಲಾರೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮಗೆ ತಾವೇ ಗುಂಡು ಹೊಡೆದುಕೊಂಡವರು. ನಮ್ಮಲ್ಲಿ ಆ ಗೂಟಕ್ಕೆ ತೂಗುವುದು ಏನು? ಟೊಮೇಟೊ ರೇಟು ಬಿದ್ದ ವಾರ 'ಔಷಧಿ ಕುಡಿದ' ಅನ್ನುವ ಮಾತು ಎಷ್ಟು ಸಲ ಕೇಳಿಲ್ಲ? ವಿಷಕ್ಕೆ ನಾವು ಇಟ್ಟ ಹೆಸರು ನೋಡಿ, ಔಷಧಿ. ಶ್ರೀಲಂಕಾದವರು ತೀರಾ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧ ಮಾಡಿದರು. ಆತ್ಮಹತ್ಯೆ ಬಹಳ ಇಳಿಯಿತು. ಅಲ್ಲಿನ ರೈತನ ಸಾಲವೇನೂ ತೀರಿರಲಿಲ್ಲ.

ಆ ಕೋವಿ ಏನಾಯಿತು ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ತಾತ ಹೋದ ಮೇಲೆ ಒಪ್ಪಿಸಿಬಿಟ್ಟೆವು. ಗೂಟ ಹಾಗೇ ಇದೆ. ಚಿಕ್ಕಪ್ಪನ ಮಗ ಅದಕ್ಕೆ ಔಷಧಿ ಹೊಡೆಯುವ ಪಂಪು ತೂಗುಹಾಕಿದ್ದಾನೆ. ಡಬ್ಬಿ ಎಲ್ಲಿಡುತ್ತಾನೆ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಆರೂವರೆ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ.