ತಾಜ್‌ಮಹಲ್ ಯಾವಾಗ ಬಿಚ್ಚುತ್ತೀರಿ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಸುತ್ತಮುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕಿ, ಆಮೇಲೂ ಇಲ್ಲಿಗೆ ಬಂದಿದ್ದೀರಿ ಅಂದರೆ ಲೆಗೊ ಬ್ರಿಕ್ಕಿನ, ಅಂದರೆ ಒಂದಕ್ಕೊಂದು ಕೂಡಿಸಿ ಕಟ್ಟುವ ಆ ಪ್ಲಾಸ್ಟಿಕ್ ಇಟ್ಟಿಗೆಯ, ಹುಚ್ಚು ನಿಮಗೂ ನನ್ನಷ್ಟೇ ಇದೆ ಅಂತಾಯಿತು. ಆದರೆ ನಾನು ಇವತ್ತು ಆಡುವ ಮಾತು ನಿಮ್ಮಲ್ಲಿ ಅನೇಕರಿಗೆ ಹಿಡಿಸುವುದಿಲ್ಲ. ವಿಷಯ ಏನು ಅಂತ ಸಂಘಟಕರು ಕೇಳಿದಾಗ "ನಮ್ಮವರು ಒಪ್ಪದ ಮಾತುಗಳು" ಅಂದೆ. ಅವರು ನಕ್ಕರು. ನಕ್ಕು, ಪ್ರಶ್ನೋತ್ತರದ ಸಮಯವನ್ನು ಇಪ್ಪತ್ತು ನಿಮಿಷದಿಂದ ಹತ್ತಕ್ಕೆ ಇಳಿಸಿದರು.

ನನ್ನ ಕೆಲಸ ಲೆಕ್ಕಪತ್ರದ್ದು. ಮಗ ಒಂಬತ್ತನೇ ಕ್ಲಾಸಿಗೆ ಬಂದಾಗ "ಅಮ್ಮ, ಆ ಲೆಗೊ ಡಬ್ಬ ಅಟ್ಟಕ್ಕೆ ಹಾಕು" ಅಂದ. ಹಾಕುವ ಮುಂಚೆ ಬಣ್ಣ ಬಣ್ಣ ಬೇರೆ ಮಾಡೋಣ ಅಂತ ಕೂತೆ. ಇದು ಆರು ವರ್ಷದ ಹಿಂದಿನ ಮಾತು. ಡಬ್ಬ ಇನ್ನೂ ಅಟ್ಟ ಹತ್ತಿಲ್ಲ.

ಮನೆಗೆ ಬಂದ ನೆಂಟರು ಶೆಲ್ಫ್ ನೋಡಿ "ಇದೇನು, ಮಕ್ಕಳ ಆಟದ ಸಾಮಾನಾ?" ಅಂತಾರೆ. ಆಗ ನಮ್ಮ ದೊಡ್ಡವರ ಬಳಗ ಏನು ಉತ್ತರ ಕೊಡುತ್ತದೆ ಅಂತ ನನಗೆ ಗೊತ್ತು. ಇಲ್ಲ ಇದು ಮಾಡೆಲ್, ಇದು ಕಲೆಕ್ಷನ್, ಇದು ಆಫೀಸಿನ ಟೆನ್ಷನ್ ಕಡಿಮೆ ಮಾಡುತ್ತೆ. ಸ್ವಾಮಿ, ಇದು ಆಟದ ಸಾಮಾನು. ಹೆಸರಿನಲ್ಲೇ ಇದೆ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನುವ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿ, 1934ರಲ್ಲಿ ಅದಕ್ಕೆ ಲೆಗೊ ಅಂತ ಹೆಸರಿಟ್ಟ. 'ಚೆನ್ನಾಗಿ ಆಡು' ಅನ್ನುವ ಎರಡು ಡ್ಯಾನಿಶ್ ಪದಗಳನ್ನು ಕೂಡಿಸಿದ ಹೆಸರು ಅದು. 1960ರಲ್ಲಿ ಮರದ ಆಟಿಕೆಗಳ ಗೋದಾಮಿಗೆ ಬೆಂಕಿ ಬಿದ್ದ ಮೇಲೆ ಅವರು ಮರದ ಸಹವಾಸವನ್ನೇ ಬಿಟ್ಟರು. ನಮ್ಮ ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು ಅರಗಿನ ಬಣ್ಣ ಹಿಡಿಸುವವರು ತಾವು ಮಾಡುವುದು ಬೊಂಬೆ ಅಂತ ಹೇಳಲು ನಾಚುವುದಿಲ್ಲ. ನಾಚಿಕೆ ಇರುವುದು ದುಡ್ಡು ಕೊಟ್ಟು ಕೊಳ್ಳುವ ನಮಗೆ.

ಇನ್ನು ಡೂಪ್ಲಿಕೇಟ್ ಬ್ರಿಕ್. ಈ ಪದ ಕಿವಿಗೆ ಬಿದ್ದ ತಕ್ಷಣ ಮುಂದಿನ ಸಾಲಿನಲ್ಲಿ ಇಬ್ಬರ ಮುಖ ಹುಳ್ಳಗಾಯಿತು, ನೋಡಿದೆ. ನಮ್ಮಲ್ಲಿ ಇದೊಂದು ಮಡಿ. ಅಸಲಿ ಡಬ್ಬಕ್ಕೆ ಬೇರೆ ಕಂಪನಿಯ ಒಂದು ಬ್ರಿಕ್ ಬಿದ್ದರೆ ಇಡೀ ಡಬ್ಬ ಮೈಲಿಗೆ. ಆದರೆ ಅಸಲಿಯ ಕಥೆಯೇ ಅಷ್ಟು ಮಡಿಯದ್ದಲ್ಲ. ಮೇಲೆ ಗುಬುಟು ಇರುವ, ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆಯನ್ನು ಮೊದಲು ಮಾರಿದ್ದು ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್, ತನ್ನ ಕಿಡ್ಡಿಕ್ರಾಫ್ಟ್ ಕಂಪನಿಯಿಂದ. ಅದನ್ನು ನೋಡಿಕೊಂಡೇ ಬಿಲ್ಲುಂಡ್‌ನವರು 1949ರಲ್ಲಿ ತಮ್ಮ ಬ್ರಿಕ್ ತಂದರು. ಅವರ ನಿಜವಾದ ಜಾಣತನ ಬಂದದ್ದು 1958ರಲ್ಲಿ, ಬ್ರಿಕ್ಕಿನ ಹೊಟ್ಟೆಯೊಳಗೆ ಕೊಳವೆ ಇಟ್ಟಾಗ. ಕೆಳಗಿನ ಗುಬುಟನ್ನು ಆ ಕೊಳವೆ ಬಿಗಿಯಾಗಿ ಹಿಡಿಯುತ್ತದೆ. ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ಬ್ರಿಕ್ಕಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಡಿ ಎಂಬ ಅವರ ಕೋರಿಕೆಯನ್ನು ಯುರೋಪಿನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಆಕಾರ ಇವತ್ತು ಎಲ್ಲರದು. ಬೇರೆಯವರು ಕೂತು ಯೋಚಿಸಿ ಮಾಡಿದ ಸೆಟ್ಟನ್ನು, ಡಬ್ಬದ ಮೇಲಿನ ಚಿತ್ರದ ಸಮೇತ ಕದ್ದು ಮಾರುವುದು ಬೇರೆ ವಿಷಯ. ಅದರ ಪರ ನಾನು ವಕಾಲತ್ತು ಹಾಕುವುದಿಲ್ಲ.

ಈ ಮಾತು ಬಾಯಿಗೆ ಬರುವ ಮುಂಚೆ ಕೈಗೆ ಬಂದದ್ದು. ವಿಧಾನಸೌಧ ಕಟ್ಟಬೇಕು ಅಂತ ಹೊರಟೆ. ಬೆಂಗಳೂರಿನ ಬ್ರಿಕ್ ಹುಚ್ಚರೆಲ್ಲ ಒಂದಲ್ಲ ಒಂದು ದಿನ ಹೊರಡುತ್ತಾರೆ. ಮಿನಿಫಿಗ್, ಅಂದರೆ ಲೆಗೊದ ಪುಟ್ಟ ಮನುಷ್ಯ ಗೊಂಬೆ, ನಾಲ್ಕು ಸೆಂಟಿಮೀಟರ್ ಎತ್ತರ, ಅಂದರೆ ಮನುಷ್ಯನನ್ನು ಸುಮಾರು ನಲವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದ ಹಾಗೆ. ಏಳುನೂರು ಅಡಿ ಉದ್ದದ ಸೌಧ ಆ ಲೆಕ್ಕದಲ್ಲಿ ಐದು ಮೀಟರ್. ನಮ್ಮ ಹಾಲ್ ಅಷ್ಟುದ್ದ ಇಲ್ಲ. ಹಾಗಾಗಿ ಪೂರ್ವದ ಮುಖಮಂಟಪ ಮಾತ್ರ ಸಾಕು ಅಂದುಕೊಂಡೆ. ಅಲ್ಲಿ ಹನ್ನೆರಡು ಕಂಬ, ಒಂದೊಂದು ನಲವತ್ತು ಅಡಿ. ಬ್ರಿಕ್ಕಿನ ಎತ್ತರ 9.6 ಮಿಲಿಮೀಟರ್, ಕಂಬಕ್ಕೆ ಮೂವತ್ತು ಬೇಕು. ಒಟ್ಟು 360 ಬೂದು ಬಣ್ಣದ ದುಂಡು ಬ್ರಿಕ್. ಅಸಲಿ ಬೆಲೆಗೆ ಗುಣಿಸಿದೆ, ಪೆನ್ನು ಕೆಳಗಿಟ್ಟೆ. ಆಮದು ಆಟಿಕೆಗಳ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಚಿಲ್ಲರೆಯಾಗಿ ಹೊರಗಿನಿಂದ ತರಿಸುವ ಯೋಚನೆಯೂ ಅಲ್ಲಿಗೆ ಮುಗಿಯಿತು.

ಎಂಟು ಕಂಬ ಅಸಲಿ, ನಾಲ್ಕು ಅಗ್ಗದ್ದು ಅಂತ ರಾಜಿ ಮಾಡಿಕೊಂಡೆ. ಬಣ್ಣ ಹೆಚ್ಚುಕಡಿಮೆ ಹೊಂದಿತು. ಕೂರಿಸಿದಾಗ ಬರುವ ಆ 'ಟಕ್' ಸದ್ದು ಸ್ವಲ್ಪ ಮೊಂಡು, ಆದರೂ ಹಿಡಿತ ಇತ್ತು. ಹನ್ನೆರಡೂ ನಿಂತವು, ನೋಡಲು ಭರ್ಜರಿಯಾಗಿಯೇ ಇದ್ದವು. ಮೇಲಿನ ತೊಲೆ ಕೂರಿಸಲು ಹೋದರೆ ಕೂರುತ್ತಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಸ್ಕೇಲ್ ಹಿಡಿದೆ: ಅಗ್ಗದ ಕಂಬಗಳು ಮೂರು ಮಿಲಿಮೀಟರ್ ಎತ್ತರ. ಒಂದು ಬ್ರಿಕ್ಕಿಗೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಹೆಚ್ಚು, ಕಣ್ಣಿಗೆ ಕಾಣದಷ್ಟು. ಮೂವತ್ತು ಸಲ ಕೂಡಿದಾಗ ಒಂದು ಪ್ಲೇಟಿನಷ್ಟು, ಅಂದರೆ ತೆಳ್ಳಗಿನ ಚಪ್ಪಟೆ ಬ್ರಿಕ್ಕಿನಷ್ಟು. ಇಪ್ಪತ್ತು ವರ್ಷ ಲೆಡ್ಜರ್ ನೋಡಿದವಳು ನಾನು, ಹತ್ತು ಪೈಸೆಯ ತಪ್ಪು ವರ್ಷದ ಕೊನೆಗೆ ಏನಾಗುತ್ತದೆ ಅಂತ ಗೊತ್ತಿರಬೇಕಿತ್ತು. ಆಮೇಲೆ ಅಗ್ಗದ್ದನ್ನೆಲ್ಲ ಒಳಗಿನ ಗೋಡೆಗೆ, ಮೆಟ್ಟಿಲ ಕೆಳಗಿನ ಭರ್ತಿಗೆ ಹಾಕಿದೆ, ಕಂಬಕ್ಕೆ ಅಸಲಿಯನ್ನೇ ಹೊಂಚಿದೆ. ಪಾಯಕ್ಕೆ ಸೈಜುಗಲ್ಲು, ಮುಂಭಾಗಕ್ಕೆ ಗ್ರಾನೈಟ್ ಅಂತ ಮೇಸ್ತ್ರಿಗಳು ಮಾಡುವುದಿಲ್ಲವೇ, ಹಾಗೆ. ನನ್ನ ಮಾತು ಇಷ್ಟೇ: ಮಡಿಯೂ ಬೇಡ, ಕುರುಡು ಅಗ್ಗವೂ ಬೇಡ, ಸ್ಕೇಲ್ ಹಿಡಿಯಿರಿ.

ಬ್ರಿಕ್ಕಿಗೆ ಅಂಟಿಸಲು ಸೆಟ್ಟಿನ ಜೊತೆ ಬರುವ ಸ್ಟಿಕ್ಕರ್ ಬಗ್ಗೆ ಒಂದೇ ಮಾತು. ಎಲ್ಲರೂ ಬೈಯುತ್ತಾರೆ, ನನಗೆ ಇಷ್ಟ. ಅಂಟಿಸದೆ ಹಾಗೇ ಇಡಬಹುದಲ್ಲ! 'ಪಿಜ್ಜಾ' ಅಂತ ಅಚ್ಚಾಗಿ ಬಂದ ಬ್ರಿಕ್ ಹುಟ್ಟಾ ಪಿಜ್ಜಾ, ಅದನ್ನು ದರ್ಶಿನಿಯ ಬೋರ್ಡ್ ಮಾಡಲಾಗದು. ಬಣ್ಣದ ಜಗಳವೂ ಹೀಗೇ: 2004ರಲ್ಲಿ ಕಂಪನಿ ಬೂದು ಬ್ರಿಕ್ಕಿನ ಬಣ್ಣವನ್ನು ನೀಲಿ ಛಾಯೆಗೆ ಬದಲಿಸಿದ್ದಕ್ಕೆ ಇವತ್ತಿಗೂ ಹಲ್ಲು ಕಡಿಯುವವರಿದ್ದಾರೆ. ವಿಧಾನಸೌಧದ ಕಲ್ಲಿಗೆ ಹತ್ತಿರ ನಿಂತು ನೋಡಿ, ಎರಡೂ ಬೂದು ಅದರಲ್ಲೇ ಇವೆ.

ಈಗ ತಾಜ್‌ಮಹಲ್. ಲೆಗೊದ ಈ ಸೆಟ್ 2008ರಲ್ಲಿ ಬಂತು, 5,922 ತುಂಡು. 2017ರಲ್ಲಿ ಹೊಸ ನಂಬರಿನಲ್ಲಿ ಮತ್ತೆ ಬಂತು, 5,923. ಇನ್ನು ಬರುವುದಿಲ್ಲ ಅಂತ ನಂಬಿ ಹಳೆಯ ಡಬ್ಬವನ್ನು ಸೀಲ್ ಒಡೆಯದೆ ಲಾಕರಿನ ಚಿನ್ನದಂತೆ ಕಾದವರ ಮುಖ ಆ ದಿನ ಹೇಗಿತ್ತೋ. ರಾಜಾಜಿನಗರದ ಒಬ್ಬ ಸ್ನೇಹಿತರ ಮನೆಯಲ್ಲಿ ಹೊಸದು ಇದೆ, ಪಡುವಣ ಕಿಟಕಿಯ ಪಕ್ಕ. ಮೂರು ವರ್ಷದಿಂದ ಇದೆ. ಬಿಸಿಲಿಗೆ ಎರಡು ಮಿನಾರು ಮಜ್ಜಿಗೆಯ ಬಣ್ಣಕ್ಕೆ ತಿರುಗಿವೆ. ಕಮಾನಿನ ಸಂದಿಯಲ್ಲಿ ಮೆಟ್ರೊ ಕಾಮಗಾರಿಯ ಧೂಳು, ಅದಕ್ಕೆಂದೇ ಒಂದು ಮೇಕಪ್ ಬ್ರಷ್. "ಸರ್, ಯಾವಾಗ ಬಿಚ್ಚುತ್ತೀರಿ?" ಅಂತ ಕೇಳಿದೆ. ಶುಭಕಾರ್ಯದ ಮನೆಯಲ್ಲಿ ಸೀನಿದವಳನ್ನು ನೋಡುವಂತೆ ನೋಡಿದರು. ಅವರ ಹೆಂಡತಿ ಮಾತ್ರ ಕಾಫಿ ತಟ್ಟೆ ಹಿಡಿದು ನಿಂತವರು "ಕೇಳಿ, ಇನ್ನೊಂದು ಸಲ ಕೇಳಿ" ಅಂದರು.

ಸೆಟ್ಟಿನ ಜೊತೆ ಬರುವ ಪುಸ್ತಕ ನೋಡಿಕೊಂಡು, ನಂಬರ್ ಹಾಕಿದ ಚೀಲ ಒಡೆದು ಕಟ್ಟಿದ್ದು ಅಚ್ಚಿನ ರಂಗೋಲಿ. ಅಂದವಾಗಿಯೇ ಇರುತ್ತದೆ, ಚುಕ್ಕಿ ಇಟ್ಟ ಕೈ ಮಾತ್ರ ನಮ್ಮದಲ್ಲ. ಕಟ್ಟಿ, ಬೇಡ ಅನ್ನುವುದಿಲ್ಲ, ಕಲಿಯುವುದು ಬಹಳ ಇದೆ. ಆಮೇಲೆ ಬಿಚ್ಚಿ. ಎಂಟು ಗುಬುಟಿನ ಆರೇ ಆರು ಬ್ರಿಕ್ ಎಷ್ಟು ರೀತಿ ಕೂಡುತ್ತವೆ? ಕಂಪನಿ ಬಹಳ ವರ್ಷ 10,29,81,500 ಅಂತ ಹೇಳಿಕೊಂಡು ಬಂದಿತ್ತು. ಅದು ಆರು ಅಂತಸ್ತಿನ ಗೋಪುರಗಳ ಲೆಕ್ಕ ಮಾತ್ರ. ಅಕ್ಕಪಕ್ಕ ಹರಡಿ ಕೂಡುವುದನ್ನು ಬಿಟ್ಟಿದ್ದರು. ಡೆನ್ಮಾರ್ಕಿನ ಗಣಿತಜ್ಞ ಸೊರೆನ್ ಐಲರ್ಸ್ ಕಂಪ್ಯೂಟರ್ ಹಚ್ಚಿ ಎಣಿಸಿದಾಗ ಸಿಕ್ಕಿದ್ದು 91,51,03,765. ಶೆಲ್ಫಿನ ಮೇಲೆ ಕೂತ ಆರು ಬ್ರಿಕ್ಕಿಗೆ ಇರುವುದು ಒಂದು.

ನನ್ನ ಮುಖಮಂಟಪ ನಾಲ್ಕು ತಿಂಗಳು ನಿಂತಿತ್ತು. ಬಿಚ್ಚಿದ ದಿನ ಮಗನೂ ಕೂತ, ಫೋನ್ ಪಕ್ಕಕ್ಕಿಟ್ಟು. ಎಲ್ಲಿ ಸಲೀಸಾಗಿ ಬಿಟ್ಟುಕೊಂಡಿತು, ಎಲ್ಲಿ ಉಗುರು ಮುರಿಯಿತು ಅಂತ ನೋಡುತ್ತಾ ಹೋದರೆ ಕಟ್ಟುವಾಗ ಮಾಡಿದ ತಪ್ಪೆಲ್ಲ ಒಂದೊಂದಾಗಿ ಕೈಗೆ ಸಿಗುತ್ತದೆ. ಹೀಗೆ ಉಪದೇಶ ಮಾಡುವ ನಾನೂ ಒಂದನ್ನು ಬಿಚ್ಚಿಲ್ಲ: ಮಗ ಆರು ವರ್ಷದವನಿದ್ದಾಗ ಕಟ್ಟಿದ ಕೆಂಪು ಬಸ್ಸು, ಸ್ಟೀರಿಂಗ್ ಇಲ್ಲ, ಡ್ರೈವರಿಗೆ ತಲೆಯಿಲ್ಲ. ಪ್ರಶ್ನೋತ್ತರದಲ್ಲಿ ಅದನ್ನು ಕೇಳಬೇಡಿ.

ಇದೆಲ್ಲ ನಮ್ಮ ಅತ್ತೆಗೆ ಹೊಸದಲ್ಲ. ಅವರು ಪ್ರತಿ ದಸರಾಕ್ಕೆ ಗೊಂಬೆ ಕೂರಿಸುವವರು. ಪಟ್ಟದ ಗೊಂಬೆಗಳು ಅವರ ತವರಿನಿಂದ ಬಂದದ್ದು. ಹಬ್ಬ ಮುಗಿಯಿತೋ, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ ಟ್ರಂಕಿಗೆ ಹಾಕುತ್ತಾರೆ. ಮುಂದಿನ ವರ್ಷ ಸಾಲು ಬೇರೆ, ಕಥೆ ಬೇರೆ. ಹೋದ ಸಲ ಮೇಲಿನ ಮೆಟ್ಟಿಲ ಹಲಗೆ ಅಲುಗಾಡುತ್ತಿತ್ತು. ಕಾಗದ ಮಡಚಿಟ್ಟರು, ನಿಲ್ಲಲಿಲ್ಲ. "ನಿನ್ನ ಡಬ್ಬದಲ್ಲಿ ತೆಳ್ಳಗಿನದೊಂದು ಕೊಡೇ" ಅಂದರು. ಒಂದು ಪ್ಲೇಟ್ ಕೊಟ್ಟೆ, 3.2 ಮಿಲಿಮೀಟರ್. ಸಂದಿಗೆ ತಳ್ಳಿದರು, ರಾಜ ರಾಣಿ ಇಬ್ಬರೂ ಅಲುಗದೆ ನಿಂತರು. ಹಬ್ಬ ಮುಗಿದು ಅದನ್ನು ವಾಪಸ್ ಕೊಟ್ಟಾಗ ತಿರುಗಿಸಿ ನೋಡಿದೆ. ಗುಬುಟಿನ ಮೇಲೆ ಲೆಗೊ ಅಂತ ಬರೆದಿರಲಿಲ್ಲ.