ಅಂತಿಯೋಕ್ಯದ ಊಟದ ಪಂಕ್ತಿ

ಕೇಳುಗರೇ, ನಮಸ್ಕಾರ.

ಇಂದಿನ ಟರ್ಕಿಯಲ್ಲಿ ಅಂತಾಕ್ಯ ಅಂತ ಒಂದು ಊರಿದೆ. ಎರಡು ಸಾವಿರ ವರ್ಷಗಳ ಹಿಂದೆ ಅದು ಅಂತಿಯೋಕ್ಯ. ಯೇಸುವಿನ ಶಿಷ್ಯರನ್ನು ಕ್ರೈಸ್ತರು ಎಂದು ಮೊದಲು ಕರೆದದ್ದು ಅಲ್ಲೇ. ಅಲ್ಲಿನ ಕ್ರೈಸ್ತ ಸಭೆಯಲ್ಲಿ ಯೆಹೂದ್ಯರಿದ್ದರು, ಬೇರೆ ಜನಾಂಗದವರೂ ಇದ್ದರು. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಆ ಕಾಲದ ಯೆಹೂದ್ಯನಿಗೆ ಇದು ಸಣ್ಣ ಮಾತಲ್ಲ. ಅಪೊಸ್ತಲನಾದ ಪೇತ್ರನೂ, ಅಂದರೆ ಯೇಸುವೇ ಆರಿಸಿಕೊಂಡ ಹನ್ನೆರಡು ಶಿಷ್ಯರಲ್ಲಿ ಒಬ್ಬನೂ, ಅವರ ಜೊತೆ ಕೂರುತ್ತಿದ್ದ.

ಆಮೇಲೆ ಯೆರೂಸಲೇಮಿನ ಸಭೆಯ ಹಿರಿಯನಾದ ಯಾಕೋಬನ ಕಡೆಯವರು ಕೆಲವರು ಬಂದರು. ಯೆಹೂದ್ಯರ ಆಚಾರದಂತೆ ಸುನ್ನತಿಯಾಗದವರ ಜೊತೆ ಊಟವೇ ಅಂತ ಇವರು ಏನಂದುಕೊಳ್ಳುತ್ತಾರೋ ಎಂದು ಪೇತ್ರನಿಗೆ ಹೆದರಿಕೆಯಾಯಿತು. ಹಿಂದೆ ಸರಿದ, ಬೇರೆಯಾಗಿ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಹಾಗೇ ಮಾಡಿದರು. ಅನ್ಯಜನರ ನಡುವೆ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲನ ಜೊತೆಗಾರ ಬಾರ್ನಬನೂ ಅವರ ಕಡೆ ಹೋಗಿಬಿಟ್ಟ. ಪಂಕ್ತಿಭೇದ ಅಂದರೇನು ಅಂತ ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಬಿಟ್ಟು ಏನೂ ಅನ್ನಬೇಕಾಗಿಲ್ಲ. ಸುಮ್ನೆ ಎದ್ದು ಹೋದರೆ ಸಾಕು, ಕೂತಿದ್ದವರಿಗೆ ತಮ್ಮ ಜಾಗ ಯಾವುದು ಅಂತ ಗೊತ್ತಾಗಿಬಿಡುತ್ತದೆ, ಅಲ್ವಾ?

ಪೌಲ ಬಿಡಲಿಲ್ಲ. ಎಲ್ಲರ ಎದುರಿಗೇ ಕೇಳಿದ: ಯೆಹೂದ್ಯನಾದ ನೀನೇ ಅನ್ಯಜನರ ಹಾಗೆ ಬದುಕುತ್ತಿರುವಾಗ, ಅವರು ಯೆಹೂದ್ಯರ ಹಾಗೆ ಬದುಕಲಿ ಅಂತ ಒತ್ತಾಯ ಯಾಕೆ? ಇಂದಿನ ಟರ್ಕಿಯಲ್ಲೇ ಇದ್ದ ಗಲಾತ್ಯದ ಸಭೆಗಳಿಗೆ ಬರೆದ ಪತ್ರದಲ್ಲಿ ಅವನೇ ಇದನ್ನು ಹೇಳಿದ್ದಾನೆ. ಅಲ್ಲೂ ಇದೇ ಕಾಟ. ಯೇಸುವನ್ನು ನಂಬಿದರೆ ಸಾಲದು, ಸುನ್ನತಿಯೂ ಆಗಬೇಕು ಅಂತ ಕೆಲವರು ಜನರ ತಲೆ ಕೆಡಿಸಿದ್ದರು.

ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಈ ಪ್ರಶ್ನೆ ಹಿರಿಯರ ಮುಂದೆ ಬಂತು. ನಮ್ಮ ಪೂರ್ವಿಕರಿಗೂ ನಮಗೂ ಹೊರಲಾಗದ ನೊಗವನ್ನು ಈ ಅನ್ಯಜನರ ಹೆಗಲಿಗೆ ಯಾಕೆ ಹಾಕುತ್ತೀರಿ ಎಂದು ಅಲ್ಲಿ ಕೇಳಿದವನು ಪೇತ್ರನೇ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಹಾದರ, ಇವುಗಳಿಂದ ದೂರವಿರಿ ಎಂದಷ್ಟೇ ಅವರಿಗೆ ಪತ್ರ ಹೋಯಿತು. ಸುನ್ನತಿಯ ಮಾತು ಅದರಲ್ಲಿ ಇರಲಿಲ್ಲ.

ಹಾಗಂತ ಪೌಲನಿಗೆ ಆಚಾರಗಳೆಂದರೆ ಆಗುತ್ತಿರಲಿಲ್ಲ ಅನ್ನಬೇಡಿ. ತನ್ನ ಜೊತೆಗಿದ್ದ ಗ್ರೀಕನಾದ ತೀತನಿಗೆ ಸುನ್ನತಿ ಆಗಲೇಬೇಕು ಎಂಬ ಒತ್ತಡ ಬಂದಾಗ ಅವನು ಒಂದು ಗಳಿಗೆಯೂ ಬಗ್ಗಲಿಲ್ಲ. ಆದರೆ ತನ್ನ ಇನ್ನೊಬ್ಬ ಜೊತೆಗಾರ ತಿಮೊಥೆಗೆ ತಾನೇ ಸುನ್ನತಿ ಮಾಡಿಸಿದ. ತಿಮೊಥೆಯ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಆ ಕಡೆಯ ಯೆಹೂದ್ಯರಿಗೆಲ್ಲ ಅದು ಗೊತ್ತಿತ್ತು. ತೀತನ ವಿಷಯದಲ್ಲಿ ಅದನ್ನು ರಕ್ಷಣೆಯ ಷರತ್ತಾಗಿ ಕೇಳಿದರು, ಅದಕ್ಕೇ ಬೇಡ ಎಂದ. ತಿಮೊಥೆಗೆ ಯಾವ ಷರತ್ತೂ ಇರಲಿಲ್ಲ. ಯೆಹೂದ್ಯರ ನಡುವೆ ಓಡಾಡುವ ಕೆಲಸ ಇತ್ತು, ಅಷ್ಟೆ. ಪೌಲನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಇದೇ.

ಇವತ್ತು ನಮ್ಮ ಸಭೆಗಳಲ್ಲಿ ಸುನ್ನತಿಯ ಜಗಳವಿಲ್ಲ. ಓಲೆ, ಬಳೆ ಹಾಕಬಾರದು ಅನ್ನುವ ಸಭೆಗಳಿವೆ. ದೇವರ ಮೇಲಿನ ಪ್ರೀತಿಗೆ ಒಬ್ಬರು ಅವನ್ನು ತೆಗೆದಿಟ್ಟರೆ ಅದು ಒಳ್ಳೆಯದೇ, ಅವರನ್ನು ಹಗುರವಾಗಿ ಕಾಣುವುದು ತಪ್ಪು. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತ ಊಟದ ಆಚಾರದ ವಿಷಯವಾಗಿ ರೋಮಿನವರಿಗೆ ಪೌಲ ಬರೆದ. ಆದರೆ ಹೊಸದಾಗಿ ಬಂದ ಹೆಣ್ಣುಮಗಳ ಕಿವಿ ನೋಡಿ ಅವಳ ನಂಬಿಕೆ ಅಳೆಯುವುದು, ದೀಕ್ಷಾಸ್ನಾನಕ್ಕೆ ಮೊದಲು ಓಲೆ ಬಿಚ್ಚು ಅನ್ನುವುದು, ಇದು ಯೇಸುವಿನ ಕೃಪೆ ಸಾಲದು ಅಂದ ಹಾಗೆ. ಅಂಥವಳ ಪಕ್ಕ ಹೋಗಿ ಕೂರುವ ಹಿರಿಯರು ಪ್ರತಿ ಸಭೆಯಲ್ಲೂ ಇರಬೇಕು. ಬೇಕಾದರೆ ಪಾಸ್ಟರ ಎದುರಿಗೇ ಅವಳ ಪರವಾಗಿ ಮಾತಾಡಬೇಕು.

ನಮಸ್ಕಾರ.